ಐವತ್ತಕ್ಕೆ ನಿಲ್ಲುವ ಬ್ಯಾಟರಿ

ನಮ್ಮ ವರ್ಕ್‌ಶಾಪಿನಲ್ಲಿ ಅವರ ನಿಜವಾದ ಹೆಸರು ಇರುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದಂತೆ ಎಲ್ಲರಿಗೂ ಅವರು ಹತ್ತಪ್ಪ. ಗಿರಾಕಿಗಳಿಂದ ಸದಾ ಹತ್ತಕ್ಕೆ ಹತ್ತು ಮಾರ್ಕ್ಸ್ ತೆಗೆದುಕೊಳ್ಳುತ್ತಾರೆಂದು ನಾನೇ ಇಟ್ಟ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದೆ. ಒಂದು ದಿನ ಬಾಯಿತಪ್ಪಿ ಎದುರಿಗೇ ಕರೆದುಬಿಟ್ಟೆ. ಅವರು ಮುಖ ಕೂಡ ಸಿಂಡರಿಸಲಿಲ್ಲ, "ಏನು ಫೋನಮ್ಮ?" ಎಂದರು. ಇಡೀ ದಿನ ಮುಂದಿನ ಕೋಣೆಯಲ್ಲಿ ಫೋನು ಹಿಡಿದು ಕೂರುವವಳು ನಾನು, ಹಾಗಾಗಿ ನನಗೂ ಒಂದು ಹೆಸರು ಸಿಕ್ಕಿತು. ಲೆಕ್ಕ ಸರಿಹೋಯಿತು.

ನಮ್ಮದು ಮನೆಗಾಡಿಗಳ ವರ್ಕ್‌ಶಾಪು. ವ್ಯಾನು ಬರುವಾಗ ಖಾಲಿ ಡಬ್ಬಿ. ಹೋಗುವಾಗ ಒಳಗೆ ಹಾಸಿಗೆ, ಒಲೆ, ಸಿಂಕು, ಪುಟ್ಟ ಫ್ರಿಜ್ಜು, ನೆತ್ತಿಯ ಮೇಲೊಂದು ಫ್ಯಾನು, ಚಾವಣಿಯ ಮೇಲೆ ಸೋಲಾರು. ಕೆಲಸದಿಂದ ನಿವೃತ್ತರಾದವರು, ಒಂದೇ ಕಡೆ ಕೂತರೆ ಕಾಲು ಜೋಮು ಹಿಡಿಯುವಂಥವರು ನಮ್ಮ ಗಿರಾಕಿಗಳು. ಇಷ್ಟಕ್ಕೂ ಕರೆಂಟು ಕೊಡುವುದು ಸೀಟಿನ ಕೆಳಗಿನ ಬ್ಯಾಟರಿ. ಅದನ್ನು ಕೂರಿಸುವುದು ಹತ್ತಪ್ಪನವರ ಕೆಲಸ, ಮೂವತ್ತೊಂದು ವರ್ಷದಿಂದ. ಹಳೆಯ ಆಸಿಡ್ ಬ್ಯಾಟರಿಗಳ ಕಾಲದ ಗುರುತು ಅವರ ಪ್ಯಾಂಟುಗಳ ಮೇಲೆಲ್ಲ ಇತ್ತು, ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ತೂತು. "ನಮ್ಮ ಮನೆಯವರ ಪ್ಯಾಂಟಲ್ಲಿ ಹಿಟ್ಟು ಜರಡಿ ಹಿಡೀಬಹುದು" ಎಂದು ಅವರ ಹೆಂಡತಿ ನಗುತ್ತಿದ್ದರು.

ಐದಾರು ವರ್ಷಗಳ ಹಿಂದೆ ಲಿಥಿಯಂ ಬ್ಯಾಟರಿ ಬಂತು. ಹಳೆಯದರ ಅರ್ಧ ತೂಕವೂ ಇಲ್ಲ, ನೀರು ಹಾಕಬೇಕಿಲ್ಲ, ವಾಸನೆಯಿಲ್ಲ. ಹತ್ತಪ್ಪ ಮೊದಲ ಸಲ ಅದನ್ನು ಎತ್ತಿ ನೋಡಿ, "ಇದರಲ್ಲಿ ಏನಾದ್ರೂ ಇದೆಯಾ, ಬರೀ ಡಬ್ಬ ಕಳಿಸಿದಾರಾ?" ಎಂದು ಕೇಳಿದ್ದರು. ಆಮೇಲೆ ಹಟ ಹಿಡಿದು ಕಲಿತರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಊಟದ ಹೊತ್ತಿನಲ್ಲೂ ಅದರ ಪುಸ್ತಕ ಓದಿದರು. ಆ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿಯುವುದು ಹುಡುಗಾಟವಲ್ಲ. ಆದರೆ ಹಳೆಯದನ್ನು ಮರೆಯುವುದು ಅದಕ್ಕಿಂತ ಕಷ್ಟ ಎಂದು ಆಗ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹಳೆಯ ಬ್ಯಾಟರಿಗೊಂದು ಕಟ್ಟಳೆ ಇತ್ತು. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. "ಅರ್ಧ ನಮಗೆ, ಅರ್ಧ ಬ್ಯಾಟರಿಗೆ" ಎಂಬ ಮಾತನ್ನು ಹತ್ತಪ್ಪ ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಜನರಿಗೆ ಹೇಳಿದ್ದರೋ. ಲಿಥಿಯಂಗೆ ಆ ಕಟ್ಟಳೆ ಇಲ್ಲ, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಅದಕ್ಕೇ ಅದು ಅಷ್ಟು ದುಬಾರಿ, ಅದಕ್ಕೇ ಜನ ಅದನ್ನು ಬಯಸುವುದು.

ಇನ್ನು ಮಾರ್ಕ್ಸಿನ ವಿಷಯ. ನಮ್ಮ ಯಜಮಾನರು ಎಲ್ಲೋ ಒಂದು ತರಬೇತಿಗೆ ಹೋಗಿ ಬಂದವರೇ ಈ ಪದ್ಧತಿ ತಂದರು. ಬ್ಯಾಟರಿ ಕೂರಿಸಿ ನಲವತ್ತು ದಿನಕ್ಕೆ ನಾನು ಗಾಡಿಯ ಮಾಲೀಕರಿಗೆ ಫೋನು ಮಾಡಬೇಕು, ಐದು ಪ್ರಶ್ನೆ ಕೇಳಬೇಕು, ಕೊನೆಗೆ "ಹತ್ತಕ್ಕೆ ಎಷ್ಟು ಕೊಡ್ತೀರಿ?" ಅನ್ನಬೇಕು. ಬಂದ ಅಂಕಿ ಕೈತೊಳೆಯುವ ಬೇಸಿನ್ನಿನ ಪಕ್ಕದ ಹಲಗೆಗೆ ಏರುತ್ತದೆ. ಬಡಗಿಗೆ ಏಳು, ಕೊಳಾಯಿಯವನಿಗೆ ಎಂಟು, ಹತ್ತಪ್ಪನಿಗೆ ಹತ್ತು. ನನ್ನನ್ನು ಕೇಳಿದರೆ, ಜನ ಮಾರ್ಕ್ಸ್ ಕೊಡುತ್ತಿದ್ದದ್ದು ಬ್ಯಾಟರಿಗಲ್ಲ, ಆ ಮನುಷ್ಯನಿಗೆ. ಗಾಡಿ ಒಪ್ಪಿಸುವಾಗ ಅವರು ಮೆಟ್ಟಿಲ ಮೇಲೆ ಕೂತು, ಅಜ್ಜಿಗೆ ಔಷಧಿ ವಿವರಿಸುವ ಹಾಗೆ ಒಂದೊಂದೇ ಸ್ವಿಚ್ಚು ತೋರಿಸುತ್ತಿದ್ದರು. ತಮ್ಮ ಸ್ವಂತ ನಂಬರು ಬರೆದು ಕೊಡುತ್ತಿದ್ದರು. ಅಂಥವರಿಗೆ ಒಂಬತ್ತು ಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಹೀಗಿರುವಾಗ ಟೈಲರಮ್ಮ ಮತ್ತು ಅವರ ಗಂಡ ಬಂದರು. ಗಂಡ ಬಸ್ ಡ್ರೈವರು, ಹೊಸದಾಗಿ ನಿವೃತ್ತರಾದವರು. ಒಂದೇ ರೂಟಿನಲ್ಲಿ ಇಪ್ಪತ್ತೆಂಟು ವರ್ಷ ಹೋಗಿ ಬಂದು ಹೋಗಿ ಬಂದು ಸಾಕಾಗಿದೆ, ಇನ್ನು ತಿರುವು ಬಂದಲ್ಲಿ ನನ್ನಿಷ್ಟಕ್ಕೆ ತಿರುಗಿಸುತ್ತೇನೆ ಎಂದು ವ್ಯಾನು ಕೊಂಡಿದ್ದರು. ಹೆಂಡತಿಯದು ಒಂದೇ ಷರತ್ತು.

"ನನ್ನ ಮಷೀನು, ನನ್ನ ಇಸ್ತ್ರಿ ಪೆಟ್ಟಿಗೆ ಬಂದ್ರೆ ನಾನೂ ಬರ್ತೀನಿ. ಇಲ್ದಿದ್ರೆ ನೀವೊಬ್ರೇ ಊರು ಸುತ್ಕೊಂಡು ಬನ್ನಿ."

ಹೋದಲ್ಲೆಲ್ಲ ಬಟ್ಟೆ ಹೊಲಿದುಕೊಡುವ ಯೋಚನೆ ಅವರದು. ಹೊಲಿಗೆ ಮಷೀನು, ಇಸ್ತ್ರಿ, ಫ್ರಿಜ್ಜು, ಫ್ಯಾನು, ಎಲ್ಲ ನಡೆಯಬೇಕೆಂದರೆ ಒಂದು ಬ್ಯಾಟರಿ ಸಾಲದು, ಎರಡು ಬೇಕು ಎಂದು ಹತ್ತಪ್ಪನೇ ಹೇಳಿದರು. ಅವರು ಎರಡು ಹಾಕಿಸಿಕೊಂಡರು.

ಈ ಬ್ಯಾಟರಿಗೆ ಒಂದು ಗುಂಡಿ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ಸುರಕ್ಷತೆಗೆಂದು ಅದನ್ನು ಮಲಗಿಸಿ ಕಳಿಸುತ್ತಾರೆ. ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಹಸಿರು ದೀಪ ಹತ್ತುತ್ತದೆ, ಬ್ಯಾಟರಿ ಎಚ್ಚರವಾಗುತ್ತದೆ. ಒತ್ತದಿದ್ದರೆ ಒಳಕ್ಕೂ ತಗೊಳ್ಳುವುದಿಲ್ಲ, ಹೊರಕ್ಕೂ ಕೊಡುವುದಿಲ್ಲ. ಟೈಲರಮ್ಮನ ಗಾಡಿಯಲ್ಲಿ ಎರಡನ್ನೂ ಸೀಟಿನ ಕೆಳಗೆ ಒಂದರ ಹಿಂದೊಂದು ಕೂರಿಸಿ, ಮುಂದಿನದರ ಗುಂಡಿ ಒತ್ತಿ, ಹಿಂದಿನದಕ್ಕೆ ಹತ್ತಪ್ಪ ಕೈ ಚಾಚುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತು ಕೂಗಿದೆ.

"ಹತ್ತಪ್ಪನೋರೇ, ಯಜಮಾನ್ರು ಕರೀತಿದಾರೆ. ಬೇಗ ಬರಬೇಕಂತೆ, ಫೋಟೋದವನು ಕಾಯ್ತಿದಾನೆ."

ಆ ವರ್ಷದ ಉತ್ತಮ ಕೆಲಸಗಾರನ ಪ್ರಮಾಣಪತ್ರ ಅವರಿಗೆ ಬಂದಿತ್ತು. ಅವರು ಕೈ ಒರೆಸಿಕೊಂಡು ಬಂದರು, ಕಟ್ಟು ಹಾಕಿದ ಕಾಗದ ಹಿಡಿದು ನಿಂತರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹಿಂದಿರುಗಿ ಹೋಗಿ ಸೀಟಿನ ಮುಚ್ಚಳ ಮುಚ್ಚಿ ನಾಲ್ಕು ಸ್ಕ್ರೂ ಬಿಗಿದರು. ಬ್ಯಾಟರಿ ಎಷ್ಟು ಉಳಿದಿದೆಯೆಂದು ತೋರಿಸುವ ಮೀಟರಿಗೆ ಎರಡೂ ಬ್ಯಾಟರಿಯ ಅಳತೆ ತುಂಬಿದರು. ಅಂದರೆ ಮುಂದಿನ ಬ್ಯಾಟರಿ ಪೂರ್ತಿ ಖಾಲಿಯಾದಾಗ ಮೀಟರು ತೋರಿಸುವುದು ಐವತ್ತು.

ಎರಡು ವಾರಕ್ಕೆ ಟೈಲರಮ್ಮ ಹತ್ತಪ್ಪನಿಗೆ ಫೋನು ಮಾಡಿದ್ದರಂತೆ. "ಅಣ್ಣಾ, ಐವತ್ತು ಬಂದ ತಕ್ಷಣ ಎಲ್ಲ ನಿಂತು ಹೋಗುತ್ತಲ್ಲ?" ಹತ್ತಪ್ಪ ಇನ್ನೊಂದು ಗಾಡಿಯ ಕೆಳಗೆ ಅಂಗಾತ ಮಲಗಿ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದರು. ಬಾಯಿಗೆ ಬಂದದ್ದು ಮೂವತ್ತು ವರ್ಷದ ಮಾತು. "ಅರ್ಧ ನಮಗೆ, ಅರ್ಧ ಬ್ಯಾಟರಿಗೆ ಕಣಮ್ಮಾ. ಅದು ಹಾಗೇ." ಆ ಮಾತು ಯಾವ ಬ್ಯಾಟರಿಗೆ ಸೇರಿದ್ದು ಎಂದು ಅವರಿಗೆ ಆಮೇಲೂ ನೆನಪಾಗಲಿಲ್ಲ. ಟೈಲರಮ್ಮ ನಂಬಿದರು. ಬಲ್ಲವರು ಹೇಳಿದ ಮೇಲೆ ನಂಬದೆ ಏನು ಮಾಡುತ್ತಾರೆ?

ನಲವತ್ತನೆಯ ದಿನ ನಾನು ಫೋನು ಮಾಡಿದೆ. ಐದು ಪ್ರಶ್ನೆ ಕೇಳಿದೆ. ಏನಾದರೂ ತೊಂದರೆ ಇದೆಯೇ ಎಂದದ್ದಕ್ಕೆ ಆಕೆ, "ಅರ್ಧಕ್ಕೇ ನಿಲ್ಲುತ್ತೆ, ಆದ್ರೆ ಅದು ಹಾಗೇ ಅಂತೆ" ಎಂದರು. ನನಗೆ ಅದರ ತಲೆಬುಡ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ. 'ತೊಂದರೆ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದೆ. ಮಾರ್ಕ್ಸ್ ಕೇಳಿದಾಗ ಆಕೆ ಫೋನಿಗೆ ಕೈ ಅಡ್ಡ ಹಿಡಿದು ಗಂಡನ ಹತ್ತಿರ ಏನೋ ಮಾತಾಡಿದರು. ಆಮೇಲೆ "ಹತ್ತು ಬರ್ಕೊಳಮ್ಮಾ" ಎಂದರು. ಬರೆದುಕೊಂಡೆ.

ಆ ಗಾಡಿಗೆ ಬ್ಯಾಟರಿ ಕೂರಿಸಿ ಆರು ತಿಂಗಳಾದ ಮೇಲೆ ಯಜಮಾನರಿಗೆ ಹೊಸ ಹುಚ್ಚು ಹಿಡಿಯಿತು. ಲಿಥಿಯಂ ಹಾಕಿಸಿಕೊಂಡು ಸಂತೃಪ್ತರಾದ ಮಾಲೀಕರ ಚಿತ್ರ ದೊಡ್ಡದಾಗಿ ಮಾಡಿಸಿ ಮುಂಬಾಗಿಲಿಗೆ ತೂಗುಹಾಕಬೇಕಂತೆ. ನಾನು ಪಟ್ಟಿ ತೆಗೆದು ನೋಡಿದೆ. ಡ್ರೈವರು, ಟೈಲರಮ್ಮ, ಹತ್ತಕ್ಕೆ ಹತ್ತು. ಗಂಡ ಹೆಂಡತಿ ಇಬ್ಬರೂ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಾರೆ ಎಂದೂ ಅನ್ನಿಸಿತು. ಸೋಮವಾರ ಬೆಳಗ್ಗೆ ನಾನೂ ಹತ್ತಪ್ಪನೂ ಹೊರಟೆವು.

ವ್ಯಾನು ಊರಾಚೆ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಪಕ್ಕದ ಬಯಲಿನಲ್ಲಿ ನಿಂತಿತ್ತು. ಚಕ್ರದ ಸುತ್ತ ಮೊಳಕಾಲೆತ್ತರ ಹುಲ್ಲು. "ಗಾಡಿ ಅಲುಗಿ ತಿಂಗಳುಗಳೇ ಆಗಿವೆ" ಎಂದರು ಹತ್ತಪ್ಪ. ಟೈಲರಮ್ಮ ಮೆಟ್ಟಿಲ ಮೇಲೆ ಕೂತು ಶಾಲೆಯ ಸಮವಸ್ತ್ರಕ್ಕೆ ಕೈಯಲ್ಲೇ ಅಂಚು ಹೊಲಿಯುತ್ತಿದ್ದರು. ಸೆಖೆಗೆ ಬೆನ್ನು ತೊಯ್ದು ರವಿಕೆ ಅಂಟಿಕೊಂಡಿತ್ತು.

"ಮಷೀನ್ ಇಟ್ಕೊಂಡು ಕೈಯಲ್ಯಾಕಮ್ಮಾ ಹೊಲೀತೀರಿ?" ಎಂದರು ಹತ್ತಪ್ಪ.

"ಮಷೀನಿನ ಟೈಮು ಎಂಟರಿಂದ ಒಂಬತ್ತೂವರೆ ಅಣ್ಣಾ. ಈಗ ಫ್ರಿಜ್ಜಿನ ಟೈಮು."

ಒಳಗೆ ಬಟ್ಟೆಯ ಕಪಾಟಿನ ಬಾಗಿಲಿಗೆ ಒಂದು ವೇಳಾಪಟ್ಟಿ ಅಂಟಿಸಿತ್ತು. ಬಸ್ ನಿಲ್ದಾಣದಲ್ಲಿ ಇರುವಂಥದೇ, ಸ್ಕೇಲು ಇಟ್ಟು ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತಲೆಬರಹ ಬರೆದು. ಮಷೀನು ಇಷ್ಟರಿಂದ ಇಷ್ಟು. ಫ್ರಿಜ್ಜು ಇಷ್ಟರಿಂದ ಇಷ್ಟು. ಫ್ಯಾನು ಊಟವಾದ ಮೇಲೆ ಅರ್ಧ ಗಂಟೆ, ಭಾನುವಾರ ಇಲ್ಲ. ಇಸ್ತ್ರಿ: ರದ್ದು. ನನಗೆ ನಗು ತಡೆಯಲಾಗಲಿಲ್ಲ. ಹತ್ತಪ್ಪ ನಗಲಿಲ್ಲ. ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು.

"ನಿಮ್ಮನೆಯವರು ಎಲ್ಲಮ್ಮಾ?" ಎಂದೆ ನಾನು.

"ಅವರಣ್ಣನ ಮನೇಲಿದಾರೆ."

"ಯಾವಾಗ ಬರ್ತಾರೆ? ಇಬ್ಬರದ್ದೂ ಫೋಟೋ ಬೇಕಿತ್ತು."

"ಹೋಗಿ ನಾಲ್ಕು ತಿಂಗಳಾಯ್ತಮ್ಮಾ" ಎಂದು ಆಕೆ ಸೂಜಿಗೆ ದಾರ ಪೋಣಿಸಿದರು.

ಮೊದಲು ನಗುನಗುತ್ತಲೇ ಹೇಳತೊಡಗಿದರು. ಇರುವುದು ಒಂದೇ ಕರೆಂಟು, ಬೇಕೆನ್ನುವವರು ಇಬ್ಬರು. ಮೊದಲು ಇಸ್ತ್ರಿ ಬಿಟ್ಟರು, ಆಮೇಲೆ ಮಷೀನು ಕಡಿಮೆ ಮಾಡಿದರು, ಪಟ್ಟಿ ಬರೆದರು. ಪಟ್ಟಿ ಬರೆದ ಮೇಲೆ ಜಗಳ ಇನ್ನೂ ಜಾಸ್ತಿಯಾಯಿತು. ನಿಮ್ಮ ಫ್ಯಾನು ಐದು ನಿಮಿಷ ಹೆಚ್ಚು ಓಡಿತು, ನಿನ್ನ ಮಷೀನು ಹತ್ತು ನಿಮಿಷ ತಡವಾಗಿ ನಿಂತಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಜಗಳಕ್ಕೆ ಬೆಳಗ್ಗೆ ಎದ್ದರೆ ಎದುರಿಗೇ ಮೀಟರು. ಒಂದು ದಿನ ಭಾವ, ವಾರಗಿತ್ತಿ, ಅವರ ಸೊಸೆ ಗಾಡಿ ನೋಡಲು ಬಂದಿದ್ದರು. ಟೈಲರಮ್ಮನಿಗೆ ಸಂಜೆಯೊಳಗೆ ನಲವತ್ತು ಸಮವಸ್ತ್ರ ಕೊಡಬೇಕಿತ್ತು. ಬಂದವರಿಗೆ ಸೆಖೆಯಾಗುತ್ತದೆಂದು ಡ್ರೈವರು ಫ್ಯಾನು ಹಾಕಿದರು. ಮಷೀನು ಅರ್ಧ ಹೊಲಿಗೆಯಲ್ಲಿ ನಿಂತಿತು.

"ಎಲ್ಲರೆದುರು ಅಂದುಬಿಟ್ಟೆ. ಜೀವಮಾನವೆಲ್ಲ ಕೂತ ಸೀಟಲ್ಲೇ ಕೂತು ಕೂತು ಸೋಮಾರಿ ಆಗಿದೀರಿ, ನಾನು ದುಡಿಯೋಕೆ ನಿಮಗೆ ಗಾಳಿ ಬೇಕಾ ಅಂತ. ಅವರು ಎದ್ರು. ಬ್ಯಾಗು ತಗೊಂಡು ಅವರಣ್ಣನ ಜೊತೇಲೇ ಹೋದ್ರು."

ಆಕೆ ಹತ್ತಪ್ಪನ ಮುಖ ನೋಡಿ, ಅವರಿಗೆ ಬೇಜಾರಾಯಿತೇನೋ ಎಂದು, "ಬ್ಯಾಟರಿದೇನೂ ತಪ್ಪಿಲ್ಲ ಬಿಡಿ ಅಣ್ಣಾ. ನೀವು ಒಳ್ಳೇದೇ ಹಾಕಿಕೊಟ್ರಿ. ನಮ್ಮ ಆಸೆನೇ ಜಾಸ್ತಿ" ಎಂದರು.

ಹತ್ತಪ್ಪ ಮೀಟರಿನ ಮುಂದೆ ನಿಂತಿದ್ದರು. "ಈಗಲೂ ಐವತ್ತಕ್ಕೇ ನಿಲ್ಲುತ್ತಾ?"

"ಹೌದಲ್ಲ, ನೀವೇ ಹೇಳಿದ್ರಲ್ಲ."

ಅವರು ಸ್ಕ್ರೂಡ್ರೈವರು ತೆಗೆದರು. ನಾನು ಟಾರ್ಚು ಹಿಡಿದೆ. ಟೈಲರಮ್ಮ ನಮಗೆ ಚಹಾ ಇಡಲು ಒಲೆಯ ಕಡೆ ತಿರುಗಿದರು. ಮುಚ್ಚಳ ಎತ್ತಿದಾಗ ಮುಂದಿನ ಬ್ಯಾಟರಿಯ ಮೇಲೆ ಹಸಿರು ದೀಪವಿತ್ತು. ಹಿಂದಿನದರ ಮೇಲೆ ಏನೂ ಇರಲಿಲ್ಲ. ಗುಂಡಿಯ ಮೇಲೆ ಅಂಟಿಸಿದ್ದ ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆಯೂ ಹಾಗೇ ಇತ್ತು, ಒಂದು ಮೂಲೆ ಕೂಡ ಎದ್ದಿರಲಿಲ್ಲ.

ಹತ್ತಪ್ಪನ ಕುತ್ತಿಗೆ ಕೆಂಪಾಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ತಂತಿ ಬಿಚ್ಚಿದರು, ಎರಡನ್ನೂ ಅಳೆದರು, ಮತ್ತೆ ಜೋಡಿಸಿದರು. ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದರು. ಮೂರು ಸೆಕೆಂಡು. ಹಸಿರು ಬಂತು.

ಆಗಲೇ ಹೇಳಬೇಕಿತ್ತು. ಹೇಳುತ್ತಾರೆಂದೇ ನಾನು ತಿಳಿದಿದ್ದೆ. ಅವರು ಎದ್ದು ನಿಂತು, ಕೈ ಒರೆಸಿಕೊಳ್ಳುತ್ತ, ಎಲ್ಲೋ ನೋಡುತ್ತ, "ಬ್ಯಾಟರಿ ಸ್ವಲ್ಪ ಸುಸ್ತಾಗಿತ್ತಮ್ಮಾ. ಸರಿ ಮಾಡಿದೀನಿ. ಇನ್ಮೇಲೆ ಐವತ್ತಕ್ಕೆ ನಿಲ್ಲಲ್ಲ" ಎಂದರು.

ಟೈಲರಮ್ಮ ಫ್ಯಾನು ಹಾಕಿದರು, ಮಷೀನಿನ ಪೆಡಲು ಒತ್ತಿದರು, ಎರಡೂ ಒಟ್ಟಿಗೆ ಓಡಿದವು. ಆಕೆ ಮುಖ ಮೇಲೆತ್ತಿ ಗಾಳಿಗೆ ಒಡ್ಡಿ ನಕ್ಕರು. ಯಜಮಾನರು ಹೇಳಿದ್ದ ಚಿತ್ರ ಅದೇ. ನಾನು ತೆಗೆದುಕೊಂಡೆ. ಕೊಟ್ಟ ಚಹಾವನ್ನು ಇಬ್ಬರೂ ಕುಡಿದೆವು. ಹಿಂದಿರುಗುವ ದಾರಿಯಲ್ಲಿ ಹತ್ತಪ್ಪ ಆಡಿದ್ದು ಒಂದೇ ಮಾತು.

"ಫೋಟೋ ಚೆನ್ನಾಗ್ ಬಂತಾ?"

"ಬಂತು" ಎಂದೆ.

ಮಂಗಳವಾರ ಅವರು ವರ್ಕ್‌ಶಾಪಿನಲ್ಲಿದ್ದ ಎಲ್ಲ ಗಾಡಿಗಳ ಸೀಟು ಬಿಚ್ಚಿ ಗುಂಡಿ ನೋಡಿದರು. ಸರಿಯಾಗಿದ್ದವನ್ನೇ ಮತ್ತೆ ಬಿಚ್ಚಿ ನೋಡಿದರು. ಬುಧವಾರ ಬೆಳಗ್ಗೆ ಅವರ ಹೆಂಡತಿ ನನಗೆ ಫೋನು ಮಾಡಿ, "ತಟ್ಟೆ ಮುಂದೆ ಕೂತ್ಕೋತಾರೆ, ಎದ್ದು ಹೋಗ್ತಾರೆ. ಅಲ್ಲೇನಾದ್ರೂ ಆಯ್ತೇನಮ್ಮ?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಸುಳ್ಳು ಹೇಳುವುದರಲ್ಲಿ ನಾನೂ ಪಳಗುತ್ತಿದ್ದೆ. ಮಧ್ಯಾಹ್ನ ಯಜಮಾನರು ಆ ಚಿತ್ರವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ತಂದು ಗೋಡೆಗೆ ಒರಗಿಸಿದರು. "ತೃಪ್ತಿ ಅಂದ್ರೆ ಇದು ನೋಡ್ರಯ್ಯಾ" ಎಂದರು. ಹತ್ತಪ್ಪ ಬೇಸಿನ್ನಿನ ಹತ್ತಿರ ಹೋಗಿ ಕೈ ತೊಳೆಯಲು ನಿಂತವರು ಬಹಳ ಹೊತ್ತು ತೊಳೆಯುತ್ತಲೇ ಇದ್ದರು. ಇನ್ನು ನಾಲ್ಕು ತಿಂಗಳಿಗೆ ಅವರ ನಿವೃತ್ತಿ. ಮೂವತ್ತೊಂದು ವರ್ಷದ ಹೆಸರು ಮೂರು ಸೆಕೆಂಡಿಗೆ ಹೋಗುತ್ತದಲ್ಲ ಎಂಬ ಹೆದರಿಕೆ ಅವರದು. ಅದು ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ನಾನೂ ಬಾಯಿ ಬಿಡಲಿಲ್ಲ. ಈಗ ಯೋಚಿಸಿದರೆ ಅದು ಕರುಣೆಯಲ್ಲ, ಹೇಡಿತನ. 'ತೊಂದರೆ ಇಲ್ಲ' ಎಂದು ಗುರುತು ಹಾಕಿದ ಕೈ ನನ್ನದು.

ಗುರುವಾರ ಬೆಳಗ್ಗೆ ಟೈಲರಮ್ಮನ ಫೋನು ನನಗೇ ಬಂತು. ಹತ್ತಪ್ಪ ಎದುರಿಗೇ ಇದ್ದರು, ಸ್ಪೀಕರು ಹಾಕಿದೆ.

"ಅಣ್ಣನಿಗೆ ಹೇಳಮ್ಮಾ, ನಿನ್ನೆ ಇಸ್ತ್ರಿನೂ ಮಾಡ್ದೆ! ಮಷೀನು, ಫ್ಯಾನು, ಎಲ್ಲ ಓಡಿದ್ರೂ ಎಪ್ಪತ್ತು ಇತ್ತು. ಈಗ ಗೊತ್ತಾಯ್ತು ನೋಡು, ನಮ್ಮೋರು ಹೊತ್ತಿಲ್ಲ ಗೊತ್ತಿಲ್ಲ ಫ್ಯಾನು ಹಾಕಿ ಹಾಕಿ ಬ್ಯಾಟರಿ ಸುಸ್ತು ಮಾಡಿಟ್ಟಿದ್ರು. ನಿನ್ನೆನೇ ಭಾವನಿಗೆ ಫೋನ್ ಮಾಡಿ ಹೇಳ್ದೆ, ನಿಮ್ಮ ತಮ್ಮ ಎಂಥ ಕೆಲಸ ಮಾಡಿದಾರೆ ಅಂತ."

ನಾನು ಹತ್ತಪ್ಪನನ್ನು ನೋಡಿದೆ. ತಮ್ಮ ತಪ್ಪು ಮುಚ್ಚಲು ಆಡಿದ ಒಂದು ಮಾತು ಹೋಗಿ ಹೋಗಿ ಆ ಗಂಡಸಿನ ತಲೆಯ ಮೇಲೆ ಕೂತಿತ್ತು. ಅವರು ಎದ್ದು ಅಂಗಿಯ ಗುಂಡಿ ಹಾಕಿಕೊಂಡರು.

"ನಡಿ ಫೋನಮ್ಮ. ಒಬ್ನೇ ಹೋದ್ರೆ ದಾರೀಲಿ ವಾಪಸ್ ಬಂದ್ರೂ ಬಂದುಬಿಡ್ತೀನಿ."

ಬಯಲಿನಲ್ಲಿ ಅವರು ಒಳಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತು ಹೇಳಿದರು. "ಬ್ಯಾಟರಿ ಸುಸ್ತಾಗಿರಲಿಲ್ಲಮ್ಮಾ. ಎರಡನೇದನ್ನ ನಾನು ಆನ್ ಮಾಡೇ ಇರಲಿಲ್ಲ. ಆರು ತಿಂಗಳು ನೀವು ಒಂದರಲ್ಲೇ ಬದುಕಿದ್ರಿ. ಅರ್ಧ ನಮಗೆ ಅಂತ ಹೇಳಿದ್ನಲ್ಲ, ಅದು ಹಳೇ ಬ್ಯಾಟರಿ ಮಾತು. ತಪ್ಪೆಲ್ಲ ನನ್ನದು."

ಟೈಲರಮ್ಮನಿಗೆ ಅರ್ಥವಾಗಲಿಲ್ಲ. ಹತ್ತಪ್ಪ ಮುಚ್ಚಳ ಎತ್ತಿ, ಗುಂಡಿ ಆರಿಸಿ, ಮತ್ತೆ ಹೊತ್ತಿಸಿ ತೋರಿಸಿದರು.

"ಇಷ್ಟೇನಾ?"

"ಇಷ್ಟೇ."

ಆಕೆ ಕಪಾಟಿನ ಬಾಗಿಲ ಕಡೆ ತಿರುಗಿದರು. "ಇಸ್ತ್ರಿ ರದ್ದು ಮಾಡೋದೇ ಬೇಕಿರಲಿಲ್ಲ?"

"ಬೇಕಿರಲಿಲ್ಲ."

"ಅವರ ಫ್ಯಾನು?"

"ದಿನವಿಡೀ ಹಾಕಬಹುದಿತ್ತಮ್ಮಾ."

ಬೈಯುತ್ತಾರೆಂದು ನಾನು ಕಾದೆ. ಬೈಗುಳ ಬಿದ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಆಕೆ ಹಾಸಿಗೆಯ ಅಂಚಿನಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. "ಅರ್ಧ ಗಂಟೆ ಗಾಳಿಗೆ ಸೋಮಾರಿ ಅಂದೆ ಅವರನ್ನ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಆವತ್ತು ನೀನು ಮಾರ್ಕ್ಸ್ ಕೇಳಿದಾಗ ನಾನು ಆರು ಕೊಡೋಣ ಅಂದಿದ್ದೆ. ಅವರೇ ಬೇಡ ಅಂದ್ರು. ಪಾಪ, ಅಷ್ಟು ಚೆನ್ನಾಗಿ ಕೂತು ಹೇಳಿಕೊಟ್ಟ ಮನುಷ್ಯ, ಕೈಕೆಲಸದೋನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ, ಹತ್ತು ಕೊಡು ಅಂದ್ರು" ಎಂದರು.

ಹತ್ತಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವರ ಮುಖ ನೋಡಲಾಗದೆ ನಾನು ಹುಲ್ಲು ನೋಡುತ್ತ ನಿಂತೆ. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗನ್ನಿಸಿತು.

ಟೈಲರಮ್ಮ ಕಣ್ಣೊರೆಸಿಕೊಂಡು ಎದ್ದರು. "ಗಾಡಿ ಓಡಿಸಿ ಅಣ್ಣಾ. ನಂಗೆ ಬರಲ್ಲ. ನಾನು ಅಂದಿದ್ದು ಅಲ್ಲಿಯವರ ಎದುರು. ನೀವೂ ಅವರೆದುರೇ ಹೇಳಬೇಕು."

ಅಣ್ಣನ ಮನೆಯ ಹಜಾರದಲ್ಲಿ ಸೋಫಾ ಇತ್ತು, ಟೀವಿ ಇತ್ತು. ಡ್ರೈವರು ಕೂತಿದ್ದದ್ದು ಟೀವಿಗೂ ಚಪ್ಪಲಿ ಗೂಡಿಗೂ ನಡುವೆ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನಾಲ್ಕು ತಿಂಗಳಾದರೂ ಬ್ಯಾಗು ಕುರ್ಚಿಯ ಕೆಳಗೇ ಇತ್ತು, ಕಪಾಟು ಸೇರಿರಲಿಲ್ಲ. ಹೆಂಡತಿಯನ್ನು ಕಂಡು ಎದ್ದು ನಿಂತರು. ಅಣ್ಣ, ಅತ್ತಿಗೆ, ಸೊಸೆ ಎಲ್ಲ ಬಂದರು. ಹತ್ತಪ್ಪ ಹಜಾರದ ನಡುವೆ ಕೈಕಟ್ಟಿ ನಿಂತು ಒಂದೂ ಬಿಡದೆ ಹೇಳಿದರು. ಗುಂಡಿ, ಐವತ್ತು, ಅರ್ಧ ಅರ್ಧದ ಮಾತು, ಬ್ಯಾಟರಿ ಸುಸ್ತಾಗಿತ್ತು ಎಂದ ಸುಳ್ಳು. "ನೀವು ಏನೂ ಹಾಳು ಮಾಡಿರಲಿಲ್ಲ. ಮಾಡಿದ್ದು ನಾನು."

ಡ್ರೈವರು ಕೇಳಿಸಿಕೊಂಡು ಜೋರಾಗಿ ನಕ್ಕುಬಿಟ್ಟರು.

"ಅಯ್ಯೋ, ಇದಕ್ಯಾಕೆ ಇಷ್ಟು ಬಾಡಿಹೋಗಿದೀರಿ? ನಾನೊಂದ್ಸಲ ಕಂಡಕ್ಟರನ್ನೇ ಬಿಟ್ಟು ಬಸ್ಸು ಓಡಿಸಿದೀನಿ. ಮೂರು ಸ್ಟಾಪು ಆದ್ಮೇಲೆ ಗೊತ್ತಾಯ್ತು, ಶಿಳ್ಳೆನೇ ಕೇಳಿಸ್ತಿಲ್ವಲ್ಲ ಅಂತ. ಕೆಲಸ ಮಾಡೋ ಕೈಯಲ್ಲಿ ತಪ್ಪಾಗುತ್ತೆ. ಬಿಡಿ."

ಎಲ್ಲರೂ ನಕ್ಕರು. ಟೈಲರಮ್ಮ ಅಳುತ್ತ ನಕ್ಕರು. ಹತ್ತಪ್ಪನ ಹೆಗಲು ಕೆಳಗಿಳಿಯಿತು. ಆರು ತಿಂಗಳ ತಪ್ಪಿನ ಭಾರ ಇಷ್ಟು ಸುಲಭವಾಗಿ ಇಳಿಯಿತಲ್ಲ ಎಂದುಕೊಂಡೆ. ಡ್ರೈವರು ಬ್ಯಾಗನ್ನು ಕುರ್ಚಿಯ ಕೆಳಗಿಂದ ಎಳೆಯುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದರು.

"ಅಲ್ಲ, ಇದು ನಿಮಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ" ಎಂದರು ಹತ್ತಪ್ಪ.

ಡ್ರೈವರ ಕೈ ಬ್ಯಾಗಿನ ಮೇಲೇ ನಿಂತಿತು.

"ಸೋಮವಾರ. ಇವತ್ತು ಗುರುವಾರ." ಅವರು ದನಿ ಏರಿಸಲಿಲ್ಲ. "ನಿನ್ನೆ ನಮ್ಮಣ್ಣ ನನ್ನನ್ನ ಇಲ್ಲೇ ಕೂರಿಸ್ಕೊಂಡು ಬುದ್ಧಿ ಹೇಳಿದ. ಅಷ್ಟು ಬೆಲೆಯ ಬ್ಯಾಟರಿ ಹಾಳು ಮಾಡಿಟ್ಟೆಯಂತಲ್ಲ, ಈ ವಯಸ್ಸಲ್ಲಿ ಹೆಂಡ್ತಿ ದುಡಿಮೆಗೆ ಕಲ್ಲು ಹಾಕ್ತೀಯಾ ಅಂತ. ಅವನ ಸೊಸೆ ಎದುರು. ನಾನು, ಹೌದಿರಬಹುದು ಅಂದೆ."

ಅಣ್ಣ ಟೀವಿಯ ಕಡೆ ಮುಖ ತಿರುಗಿಸಿದರು. ತಪ್ಪಿಗೆ ಹತ್ತಪ್ಪನ ಹತ್ತಿರ ಕಾರಣ ಇತ್ತು, ಕ್ಷಮೆಯೂ ಸಿಕ್ಕಿತ್ತು. ಈ ಮೂರು ದಿನಕ್ಕೆ ಅವರ ಬಳಿ ಏನೂ ಇರಲಿಲ್ಲ.

ಡ್ರೈವರು ಮೊಳೆಗೆ ತೂಗುಹಾಕಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು. "ನಡಿ" ಎಂದರು ಹೆಂಡತಿಗೆ. ಅಂಗಳಕ್ಕೆ ಬಂದು, ಹತ್ತಪ್ಪನ ಕೈಯಿಂದ ಕೀಲಿ ತೆಗೆದುಕೊಂಡು ವ್ಯಾನು ಹತ್ತಿದರು. ಟೈಲರಮ್ಮ ಪಕ್ಕದ ಸೀಟಿನಲ್ಲಿ ಕೂತರು. ನಾವಿಬ್ಬರೂ ಬಂದಿದ್ದದ್ದು ಆ ವ್ಯಾನಿನಲ್ಲೇ. ಆಕೆ ಗಂಡನಿಗೆ ಏನೋ ಹೇಳಿದರು, ನಮ್ಮ ವಿಷಯವೇ ಇರಬೇಕು. ಡ್ರೈವರು ಕಿಟಕಿಯಿಂದ ತಲೆ ಹಾಕಿ, ಪ್ರಯಾಣಿಕರಿಗೆ ಹೇಳುವಷ್ಟೇ ಮರ್ಯಾದೆಯಿಂದ, "ಎಡಗಡೆ ಹೋದ್ರೆ ಬಸ್ ಸ್ಟಾಪಿದೆ. ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಬರುತ್ತೆ" ಎಂದರು. ವ್ಯಾನು ಬಲಕ್ಕೆ ತಿರುಗಿತು.

ಬಸ್ ಸ್ಟಾಪಿನ ಸಿಮೆಂಟು ಬೆಂಚು ಕಾದಿತ್ತು. ಹತ್ತಪ್ಪ ಕೂರಲಿಲ್ಲ.

"ಆರು ತಿಂಗಳಿಂದು ಮರೆವು ಅನ್ಬಹುದು ಫೋನಮ್ಮ" ಎಂದರು. "ಈ ಮೂರು ದಿನದ್ದು ಏನಂತ ಅನ್ಲಿ?"

ಆ ಮೂರು ದಿನ ನಾನೂ ಅವರ ಜೊತೆಗೇ ಸುಮ್ಮನಿದ್ದವಳು. ಬಸ್ಸು ಬಂತು, ಹತ್ತಿದೆವು, ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತೆವು.